1994ರ ಬ್ಯೂಕ್ ರೋಡ್‌ಮಾಸ್ಟರ್ ವ್ಯಾಗನ್ ನೋಡಲು ಹೊರಟಿದ್ದೇನೆ, ಏನೇನು ನೋಡಬೇಕು?

ಎಂಟು ಸೂಟ್‌ಕೇಸ್ (ಕೊಲಂಬಸ್, ಒಹಾಯೊ)

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ. ಬರೆಯುತ್ತಿರುವುದು ಇದೇ ಮೊದಲು.

1998ರ ಆಗಸ್ಟ್‌ನಲ್ಲಿ ಎಂಎಸ್ ಓದಲು ಈ ದೇಶಕ್ಕೆ ಬಂದೆ. ಏರ್‌ಪೋರ್ಟ್ ಬಾಗಿಲಲ್ಲಿ ನಾವು ನಾಲ್ಕು ಹುಡುಗರು, ಎಂಟು ದೊಡ್ಡ ಸೂಟ್‌ಕೇಸ್. ಒಂದರಲ್ಲಿ ಕುಕ್ಕರ್, ಇನ್ನೊಂದರಲ್ಲಿ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಹುಳಿಪುಡಿ. ಇಷ್ಟೆಲ್ಲ ಯಾವ ಕಾರಿನಲ್ಲಿ ಹಿಡಿಸುತ್ತೆ ಅಂತ ಚಿಂತೆಯಾಗಿತ್ತು. ನಮ್ಮನ್ನು ಕರೆದುಕೊಂಡು ಹೋಗಲು ಬಂದ ಹಿರಿಯ ಕನ್ನಡಿಗರೊಬ್ಬರು ಉದ್ದನೆಯ ಗಾಡಿ ತಂದಿದ್ದರು. ಎರಡೂ ಪಕ್ಕಕ್ಕೆ ಮರದ ಹಲಗೆ ಹೊಡೆದ ಹಾಗೆ ಕಾಣುತ್ತಿತ್ತು. ಹಿಂದಿನ ಬಾಗಿಲು ತೆಗೆದರು. ಎಂಟೂ ಒಳಗೆ ಹೋದವು! ಮುಂದಿನ ಉದ್ದ ಸೀಟಿನಲ್ಲಿ ಅವರ ಜೊತೆ ಇಬ್ಬರು, ಎರಡನೇ ಸಾಲಿನಲ್ಲಿ ಇಬ್ಬರು ಕೂತೆವು. ನಾನು ಎರಡನೇ ಸಾಲಿನಲ್ಲಿದ್ದೆ. ಆ ಸೀಟಿನ ಮೇಲೆ ಚಾವಣಿಯಲ್ಲಿ ಗಾಜು ಇತ್ತು. ಅಮೆರಿಕದ ಆಕಾಶವನ್ನು ನಾನು ಮೊದಲು ತಲೆ ಎತ್ತಿ ನೋಡಿದ್ದು ಆ ಗಾಜಿನಲ್ಲೇ.

ಅದು ಬ್ಯೂಕ್ ರೋಡ್‌ಮಾಸ್ಟರ್ ಎಸ್ಟೇಟ್ ಅನ್ನುವ ಸ್ಟೇಷನ್ ವ್ಯಾಗನ್ (ಚಾವಣಿ ಹಿಂದಿನ ತುದಿಯವರೆಗೂ ಹೋಗುವ ಉದ್ದ ಕಾರು) ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಈಗ ಟೊಲೀಡೊ ಹತ್ತಿರ 1994ರದ್ದು ಒಂದು ಮಾರಾಟಕ್ಕಿದೆ. 1,18,000 ಮೈಲಿ ಓಡಿದೆ. 5,800 ಡಾಲರ್ ಹೇಳುತ್ತಿದ್ದಾರೆ. ಎಂಜಿನ್ ಗಡಿಯಾರದ ಹಾಗೆ ಓಡುತ್ತೆ, ಹಿಂದೆ ಮಾತ್ರ ಸ್ವಲ್ಪ ತುಕ್ಕು ಅಂತಾರೆ. ಮನೆಯವಳು ಒಪ್ಪಿದ್ದಾಳೆ. ಗ್ಯಾರೇಜ್ 20 ಅಡಿ ಆಳ ಇದೆ. ಶನಿವಾರ ಹೋಗುತ್ತಿದ್ದೇನೆ. ಏನು ನೋಡಲಿ?

ಉಪ್ಪಿನ ರಸ್ತೆ (ಡೆಟ್ರಾಯಿಟ್ ಹತ್ತಿರ, ಮಿಷಿಗನ್)

ಸ್ವಾಗತ ಸರ್. ನನ್ನ ಹತ್ತಿರ 1995ರ ರೋಡ್‌ಮಾಸ್ಟರ್ ಇದೆ. ಒಂಬತ್ತು ವರ್ಷ ಆಯಿತು. ಗಾಡಿಯ ಉದ್ದ 18 ಅಡಿಗಿಂತ ಒಂದು ಕೂದಲು ಜಾಸ್ತಿ, ನಿಮ್ಮ ಗ್ಯಾರೇಜಿಗೆ ಹೋಗುತ್ತೆ. ಆದರೆ ಗೋಡೆಗೆ ಹಾಕಿರುವ ಕಪಾಟು ತೆಗೆಯಬೇಕಾಗಬಹುದು.

ಒಂದೇ ಒಂದು ಮಾತು ನೆನಪಿಟ್ಟುಕೊಳ್ಳಿ. ವ್ಯಾಗನ್ನನ್ನು ಹಿಂದಿನಿಂದ ಮುಂದಕ್ಕೆ ನೋಡಬೇಕು. ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ, ಎಂಜಿನ್ ಸದ್ದು ಕೇಳುತ್ತಾರೆ. ಎರಡು ಬಾಗಿಲಿನ ಕೂಪೆ ಕೊಳ್ಳುವಾಗ ಅದು ಸರಿ. ಆದರೆ ಸ್ಟೇಷನ್ ವ್ಯಾಗನ್ ಅಂದರೆ ಮುಂದಿನ ಅರ್ಧ ಸೆಡಾನ್, ಹಿಂದಿನ ಅರ್ಧ ಮಾತ್ರ ವ್ಯಾಗನ್. ಮುಂದಿನ ಅರ್ಧದ್ದು ಏನು ಬೇಕಾದರೂ ಸಿಗುತ್ತೆ. ಈ ಗಾಡಿಯ 5.7 ಲೀಟರ್ ಎಲ್‌ಟಿ1 ವಿ8 ಎಂಜಿನ್ ಷೆವ್ರೊಲೆ ಕಾರುಗಳಾದ ಪೊಲೀಸರ ಕಪ್ರೀಸ್‌ನಲ್ಲಿ, ಇಂಪಾಲಾ ಎಸ್‌ಎಸ್‌ನಲ್ಲಿ ಇದ್ದದ್ದೇ. 260 ಅಶ್ವಶಕ್ತಿ. ಬಿಡಿಭಾಗಕ್ಕೆ ಬರ ಇಲ್ಲ. ಹಿಂದಿನ ಬಾಗಿಲು, ಅದರ ರಬ್ಬರ್, ಹಿಂದಿನ ಚಕ್ರದ ಮೇಲಿನ ತಗಡು, ಪಕ್ಕದ ಉದ್ದ ಗಾಜು, ಮೂರನೇ ಸೀಟಿನ ಕೊಕ್ಕೆ ಮಾತ್ರ ಹೊಸದಾಗಿ ಸಿಗುವುದು ತುಂಬಾ ಕಷ್ಟ. ಇನ್ನೊಂದು ಸತ್ತ ಗಾಡಿಯಿಂದ ಬಿಚ್ಚಿ ತರಬೇಕು. ಅದೇ ಕಾಲದ ಕಪ್ರೀಸ್ ವ್ಯಾಗನ್ ಸಿಕ್ಕರೆ ತುಂಬಾ ಭಾಗ ಹೊಂದುತ್ತೆ. ಆದರೆ ಚಾವಣಿಯ ಗಾಜು ಅದರಲ್ಲಿ ಇಲ್ಲ.

ಹಾಗಾಗಿ ಅಲ್ಲಿ ಹೋದ ತಕ್ಷಣ ಗಾಡಿಯ ಹಿಂದೆ ನೆಲದ ಮೇಲೆ ಮಲಗಿ. ಹಳೇ ಚಾಪೆ ತೆಗೆದುಕೊಂಡು ಹೋಗಿ. ಈ ಗಾಡಿಗೆ ಚಾಸಿ (ಕೆಳಗಿನ ಉಕ್ಕಿನ ಚೌಕಟ್ಟು) ಬೇರೆ, ಬಾಡಿ ಬೇರೆ. ಹಿಂದಿನ ಆಕ್ಸಲ್ ಮೇಲೆ ಚಾಸಿ ಕಮಾನಿನ ಹಾಗೆ ಬಗ್ಗುತ್ತೆ. ಉಪ್ಪು, ಕೆಸರು ಬಂದು ಕೂರುವುದು ಅಲ್ಲೇ. ಮಾಲೀಕರನ್ನು ಕೇಳಿ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಟಣ್ ಅಂದರೆ ಗಟ್ಟಿ. ಮಡಕೆ ಒಡೆದ ಸದ್ದು ಬಂದರೆ ಎದ್ದು ಬನ್ನಿ.

ಆಮೇಲೆ ಒಂದು ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿಕೊಳ್ಳಿ, ಪೇಂಟ್ ಗೀರಬಾರದು ನೋಡಿ. ಹಿಂದಿನ ಚಕ್ರದ ಸುತ್ತ, ಬಾಗಿಲಿನ ಕೆಳ ಅಂಚಿನಲ್ಲಿ ಅದನ್ನು ಆಡಿಸಿ. ಅದು ಹಿಡಿಯದ ಕಡೆ ತಗಡು ಇಲ್ಲ, ಪುಟ್ಟಿ ಇದೆ ಅಂತ ಅರ್ಥ. "ಸ್ವಲ್ಪ ತುಕ್ಕು" ಅನ್ನುವ ಮಾತನ್ನು ಈ ಊರುಗಳಲ್ಲಿ ನಂಬಬೇಡಿ. ನಮ್ಮಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹೊರಗೆ ನಾಣ್ಯದಷ್ಟು ಕಂಡರೆ ಒಳಗೆ ತಟ್ಟೆಯಷ್ಟು ಹೋಗಿರುತ್ತೆ.

ತೋಟದ ಮನೆ (ಚಿಕ್ಕಮಗಳೂರು)

ಓದಿ ಖುಷಿಯಾಯಿತು. ನಮ್ಮ ತಾತನ ಕಾಲದ ಮಹೀಂದ್ರ ವಿಲ್ಲಿಸ್ ಸ್ಟೇಷನ್ ವ್ಯಾಗನ್ ಇವತ್ತಿಗೂ ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿದೆ. ನಮ್ಮ ಭಾಗದಲ್ಲಿ "ಸ್ಟೇಷನ್ ವ್ಯಾಗನ್" ಅಂದರೆ ಅದೊಂದೇ. ಅದಕ್ಕೂ ಅಮೆರಿಕದ ಈ ಗಾಡಿಗಳಿಗೂ ನಂಟು ಇದೆಯಾ? ಅಂದ ಹಾಗೆ, ಇಷ್ಟು ಉಪಯೋಗದ ಗಾಡಿಯನ್ನು ಅಲ್ಲಿ ಯಾಕೆ ನಿಲ್ಲಿಸಿದರು?

ನಿವೃತ್ತ ಡ್ರಾಫ್ಟ್ಸ್‌ಮನ್ (ಮಿಷಿಗನ್)

ನಂಟು ಹತ್ತಿರದ್ದೇ. ಮೊದಲು ಈ ಗಾಡಿಗಳು ರೈಲ್ವೆ ಸ್ಟೇಷನ್ನಿನಿಂದ ಜನ, ಪೆಟ್ಟಿಗೆ ಸಾಗಿಸುತ್ತಿದ್ದವು. ಹೆಸರು ಬಂದಿದ್ದು ಅಲ್ಲಿಂದ. ಆಗ ಹಿಂದಿನ ಬಾಡಿ ನಿಜವಾದ ಮರದ್ದು. ಫೋರ್ಡ್ ಕಂಪನಿಗೆ ಮಿಷಿಗನ್ನಿನ ಉತ್ತರ ಭಾಗದಲ್ಲಿ ಸ್ವಂತ ಕಾಡು ಇತ್ತು. ಐರನ್ ಮೌಂಟನ್ ಊರಿನ ಕಾರ್ಖಾನೆಯಲ್ಲಿ ಮರದ ಬಾಡಿ ಮಾಡುತ್ತಿದ್ದರು. ಉಳಿದ ಮರದ ಚೂರಿನಿಂದ ಪಕ್ಕದ ಕಿಂಗ್ಸ್‌ಫರ್ಡ್‌ನಲ್ಲಿ ಇದ್ದಿಲು ಉಂಡೆ ಮಾಡಿದರು. ಇವತ್ತಿಗೂ ಇಲ್ಲಿ ಅಂಗಳದಲ್ಲಿ ಜೋಳ ಸುಡಲು ನಾವು ತರುವ ಕಿಂಗ್ಸ್‌ಫರ್ಡ್ ಇದ್ದಿಲಿನ ಮೂಲ ಅದೇ.

ಮರದ ಬಾಡಿ ಚೆಂದ. ಆದರೆ ದೋಣಿಯ ಹಾಗೆ ಪ್ರತಿ ವರ್ಷ ವಾರ್ನಿಷ್ ಬೇಕು. 1946ರಲ್ಲಿ ವಿಲ್ಲಿಸ್ ಕಂಪನಿ ಪೂರ್ತಿ ಉಕ್ಕಿನ ವ್ಯಾಗನ್ ತಂದಿತು. ವಿನ್ಯಾಸ ಬ್ರೂಕ್ಸ್ ಸ್ಟೀವನ್ಸ್ ಅವರದು. ಉಕ್ಕಿನ ಮೇಲೇ ಮರದ ಚೌಕಟ್ಟಿನ ಹಾಗೆ ಬಣ್ಣ ಬಳಿದರು. ನಿಮ್ಮ ತಾತನ ಗಾಡಿ ಅದೇ ವಂಶದ್ದು. ಆಮೇಲೆ ಮರ ಹೋಗಿ ಮರದ ಚಿತ್ರದ ವಿನೈಲ್ ಹಾಳೆ ಬಂತು.

ಯಾಕೆ ನಿಂತಿತು ಅನ್ನುವುದಕ್ಕೆ ಜನ ರುಚಿ ಬದಲಾಯಿತು ಅಂತಾರೆ. ಅದು ಅರ್ಧ ಮಾತ್ರ ನಿಜ. 1975ರಲ್ಲಿ ಇಲ್ಲಿ ಇಂಧನ ಉಳಿತಾಯದ ಕಾನೂನು ಬಂತು. ಪ್ರತಿ ಕಂಪನಿಯ ಕಾರುಗಳು ಸರಾಸರಿ ಇಷ್ಟು ಮೈಲೇಜ್ ಕೊಡಲೇಬೇಕು ಅಂತ. ಸ್ಟೇಷನ್ ವ್ಯಾಗನ್ ಕಾರಿನ ಲೆಕ್ಕಕ್ಕೆ ಬಂತು. ಲಘು ಟ್ರಕ್‌ಗಳಿಗೆ ಬೇರೆ ಲೆಕ್ಕ, ಅದು ಸಡಿಲ. ಕ್ರೈಸ್ಲರ್ 1984ರ ಮಾಡೆಲ್ ಆಗಿ ಮಿನಿವ್ಯಾನ್ ತಂದಾಗ ಅದು ಟ್ರಕ್ ಲೆಕ್ಕಕ್ಕೆ ಹೋಯಿತು. ಆಮೇಲೆ ಎಸ್‌ಯುವಿ ಕೂಡ. ಏಳು ಜನರನ್ನು ಸಾಗಿಸುವ ಕೆಲಸ ಒಂದೇ, ಕಾನೂನಿನಲ್ಲಿ ಹೆಸರು ಮಾತ್ರ ಬೇರೆ. ಭಾರಿ ವ್ಯಾಗನ್ ಮಾರಿದರೆ ಕಂಪನಿಯ ಸರಾಸರಿ ಕೆಳಗೆ ಬೀಳುತ್ತಿತ್ತು. ರೋಡ್‌ಮಾಸ್ಟರ್ 1996ರಲ್ಲಿ ಮುಗಿಯಿತು. ಅದನ್ನು ಮಾಡುತ್ತಿದ್ದ ಟೆಕ್ಸಸ್‌ನ ಆರ್ಲಿಂಗ್ಟನ್ ಕಾರ್ಖಾನೆಯನ್ನು ಬದಲಾಯಿಸಿ ಟ್ರಕ್, ಎಸ್‌ಯುವಿ ಮಾಡಲು ಶುರು ಮಾಡಿದರು. ಆ ಸುದ್ದಿ ಕೇಳಿದ ದಿನ ನನಗೆ ನಿಜಕ್ಕೂ ಬೇಸರವಾಗಿತ್ತು. ಇವತ್ತಿಗೂ ಆ ಬೇಸರ ಹೋಗಿಲ್ಲ.

ತೋಟದ ಮನೆ (ಚಿಕ್ಕಮಗಳೂರು)

ಧನ್ಯವಾದ ಸರ್. ಇದನ್ನು ಅಪ್ಪನಿಗೆ ಓದಿ ಹೇಳಿದೆ. ನಮ್ಮ ಗಾಡಿಗೆ 50 ವರ್ಷ ದಾಟಿದೆ. 2021ರ ನಿಯಮದ ಪ್ರಕಾರ "ವಿಎ" ಅಕ್ಷರದ ವಿಂಟೇಜ್ ನಂಬರಿಗೆ ಅರ್ಜಿ ಹಾಕೋಣ ಅಂತ ಮನೆಯಲ್ಲಿ ಮಾತಾಗುತ್ತಿದೆ.

ಡಲ್ಲಾಸ್ ಶೆಡ್ (ಟೆಕ್ಸಸ್)

ಉಪ್ಪಿನ ರಸ್ತೆ ಸರ್ ಹೇಳಿದ್ದಕ್ಕೆ ನನ್ನದೇ ಸಾಕ್ಷಿ ಕೊಡುತ್ತೇನೆ.

ನನ್ನದು 1973ರ ಬ್ಯೂಕ್ ಎಸ್ಟೇಟ್. ಬ್ಯೂಕ್ ಮಾಡುವ ಜಿಎಂ (ಜನರಲ್ ಮೋಟಾರ್ಸ್) 1971ರಿಂದ 1976ರವರೆಗೆ ದೊಡ್ಡ ವ್ಯಾಗನ್‌ಗಳಿಗೆ ಒಂದು ವಿಶೇಷ ಬಾಗಿಲು ಹಾಕಿತು. ಇಲ್ಲಿ ಅದನ್ನು ಕ್ಲ್ಯಾಮ್‌ಶೆಲ್ ಅಂತಾರೆ, ಅಂದರೆ ಕಪ್ಪೆಚಿಪ್ಪು. ಬಾಗಿಲು ಹೊರಗೆ ತೆರೆಯುವುದೇ ಇಲ್ಲ. ಮೇಲಿನ ಗಾಜು ಮೋಟಾರಿನಿಂದ ಸರಿದು ಚಾವಣಿಯೊಳಗೆ ಹೋಗುತ್ತೆ. ಕೆಳಗಿನ ತಗಡು ಜಾರಿ ನೆಲದ ಅಡಿಗೆ ಹೋಗುತ್ತೆ. ಹಿಂಭಾಗ ಪೂರ್ತಿ ಮಾಯ! 4 ಅಡಿ ಅಗಲ, 8 ಅಡಿ ಉದ್ದದ ಪ್ಲೈವುಡ್ ಹಾಳೆಯನ್ನು ಚಪ್ಪಟೆಯಾಗಿ ಮಲಗಿಸಿ ಬಾಗಿಲು ಮುಚ್ಚಬಹುದು. ಮೊದಲ ಸಲ ನೋಡಿದಾಗ ನಮ್ಮ ಮಗಳು ಚಪ್ಪಾಳೆ ಹೊಡೆದಳು.

ಎಂಜಿನ್ 455 ಘನ ಇಂಚು, ಅಂದರೆ ಸುಮಾರು ಏಳೂವರೆ ಲೀಟರ್. ಅದನ್ನು ಸರಿ ಮಾಡಲು ಎರಡು ವಾರ ಸಾಕಾಯಿತು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಹೊಸ ಕಿಟ್ ಹಾಕಿದೆ. ಎಥನಾಲ್ ಬೆರೆಸಿದ ಪೆಟ್ರೋಲಿಗೆ ಹಳೇ ರಬ್ಬರ್ ಪೈಪ್ ತಡೆಯುವುದಿಲ್ಲ, ಎಲ್ಲ ಬದಲಾಯಿಸಿದೆ. ಅಷ್ಟೇ.

ಬಾಗಿಲಿಗೆ ಎರಡು ವರ್ಷ ಹಿಡಿಯಿತು. ಕೆಳಗಿನ ತಗಡು ಜಾರುವ ಹಳಿಯಲ್ಲಿ ಮಣ್ಣು, ಎಲೆ ಕಟ್ಟಿಕೊಂಡು ಅರ್ಧಕ್ಕೆ ನಿಂತಿತ್ತು. ನಾನು ತಿಳಿಯದೆ ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ಹಾರೆ ಹಾಕಿ ಎಳೆದು ಹಳಿಯನ್ನು ಬಗ್ಗಿಸಿದರು. ಆ ಹಳಿ ಎಲ್ಲೂ ಸಿಗಲಿಲ್ಲ. ಕೊನೆಗೆ ಒಕ್ಲಹೋಮಾದ ಒಂದು ಹೊಲದಲ್ಲಿ ಎಂಜಿನ್ ಇಲ್ಲದೆ ನಿಂತಿದ್ದ ಇನ್ನೊಂದು ಗಾಡಿಯನ್ನು ಇಡಿಯಾಗಿ ಕೊಂಡು, ಟ್ರೇಲರ್ ಮೇಲೆ ತಂದೆ. ಬೇಕಿದ್ದು ಎರಡು ಹಳಿ, ಒಂದು ಮೋಟಾರ್.

ಕ್ಲ್ಯಾಮ್‌ಶೆಲ್ ಇರುವವರಿಗೆ ಒಂದು ಮಾತು. ತಗಡು ಹೋಗಿ ಕೂರುವ ಜಾಗದಲ್ಲಿ ನೀರು ಹರಿದು ಹೋಗಲು ತೂತುಗಳಿವೆ. ಮಳೆಗಾಲಕ್ಕೆ ಮುಂಚೆ ತಂತಿ ಹಾಕಿ ಬಿಡಿಸಿ. ಗ್ರೀಸ್ ಜಾಸ್ತಿ ಮೆತ್ತಬೇಡಿ, ಧೂಳು ಅಂಟಿ ಅದೇ ಅರದ ಹಾಗೆ ತಿನ್ನುತ್ತೆ.

ಮರದ ಹಾಳೆ (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ಎಂಟು ಸೂಟ್‌ಕೇಸ್ ಅವರೇ, ನಿಮ್ಮ ಕಥೆ ಓದಿ ಕಣ್ಣು ತುಂಬಿತು. ನಾನು ಬಂದಾಗಲೂ ಹೀಗೇ ಒಬ್ಬರು ಅಕ್ಕ ಕರೆದುಕೊಂಡು ಹೋಗಿದ್ದರು.

ನಮ್ಮದು 1966ರ ಫೋರ್ಡ್ ಕಂಟ್ರಿ ಸ್ಕ್ವೈರ್. ಹಿಂದಿನ ಬಾಗಿಲು ಎರಡು ಥರ ತೆರೆಯುತ್ತೆ. ಕೆಳಗೆ ಇಳಿಸಿದರೆ ಜಗಲಿ, ಪಕ್ಕಕ್ಕೆ ತೆಗೆದರೆ ಬಾಗಿಲು. ಫೋರ್ಡ್ ಅದನ್ನು ಮೊದಲು ಕೊಟ್ಟಿದ್ದೇ ಆ ವರ್ಷ. ಡಿಕ್ಕಿಯ ಜಾಗದಲ್ಲಿ ಎದುರುಬದುರಾಗಿ ಎರಡು ಪುಟ್ಟ ಸೀಟು. ನಮ್ಮ ರೈಲಿನ ಹಾಗೆ.

ನಾನು ಹೇಳಬೇಕಾಗಿರುವುದು ಮರದ ಹಾಳೆಯ ಬಗ್ಗೆ. ಅದನ್ನು ನಾನೇ ಹಾಕಿದ್ದೇನೆ. ಹಳೇ ಹಾಳೆ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರುತ್ತೆ. ಬ್ಲೇಡಿನಿಂದ ಕೆರೆಯಬೇಡಿ, ತಗಡಿಗೆ ಗಾಯ ಆಗುತ್ತೆ. ಹೀಟ್‌ ಗನ್ ಹಿಡಿದು, ಹಾಳೆ ಮೆತ್ತಗಾದಾಗ ಪ್ಲಾಸ್ಟಿಕ್ ತುಂಡಿನಿಂದ ನಿಧಾನವಾಗಿ ಎಬ್ಬಿಸಿ. ದೋಸೆ ಹಂಚಿನಿಂದ ಏಳುವ ಹಾಗೆ ಏಳಬೇಕು. ಆತುರ ಮಾಡಿದರೆ ಅಂಟು ತಗಡಿನಲ್ಲೇ ಉಳಿಯುತ್ತೆ. ಒಂದು ಪಕ್ಕಕ್ಕೆ ನನಗೆ ಮೂರು ಶನಿವಾರ ಬೇಕಾಯಿತು.

ಹೊಸದಕ್ಕೆ 3ಎಂ ಕಂಪನಿಯ ಡೈ-ನಾಕ್ ಹಾಳೆ ತಂದೆ. ಹಿಂದೆ ಕಾರ್ಖಾನೆಯವರು ಬಳಸಿದ್ದೂ ಡೈ-ನಾಕ್ ಹಾಳೆಯೇ. ಮರದ ನಾರು ಎಲ್ಲ ಬಾಗಿಲಿಗೂ ಒಂದೇ ಗೆರೆಯಲ್ಲಿ ಹರಿಯಬೇಕು. ಮುಂದಿನ ಬಾಗಿಲಿನ ಗೆರೆ ಹಿಂದಿನದಕ್ಕೆ ಕೂಡದಿದ್ದರೆ ದೂರದಿಂದಲೇ ಕಣ್ಣಿಗೆ ಹೊಡೆಯುತ್ತೆ. ತೀರಾ ತಣ್ಣಗಿರುವ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ, ಅಂಟು ಹಿಡಿಯುವುದಿಲ್ಲ. ಬಾಗಿಲ ಅಂಚಿನಲ್ಲಿ ಹಾಳೆಯನ್ನು ಒಳಕ್ಕೆ ಮಡಚಿ, ಕೊನೆಗೆ ಇನ್ನೊಮ್ಮೆ ಬಿಸಿ ಕೊಡಿ.

ಕೆಲವರು ಮರದ ಹಾಳೆ ಕಿತ್ತು ಒಂದೇ ಬಣ್ಣ ಹೊಡೆಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಹಾಳೆ ಇದ್ದರೇನೇ ಅದು ನಿಮ್ಮನ್ನು ಏರ್‌ಪೋರ್ಟ್‌ನಿಂದ ಮನೆಗೆ ತಂದ ಗಾಡಿ.

ಇನ್ನೊಂದು. ಕ್ಯಾಲಿಫೋರ್ನಿಯಾದಲ್ಲಿ ಯಾರಾದರೂ ಓದುತ್ತಿದ್ದರೆ, 1975 ಮತ್ತು ಅದಕ್ಕೂ ಹಿಂದಿನ ಮಾಡೆಲ್‌ಗೆ ಹೊಗೆ ಪರೀಕ್ಷೆ ಇಲ್ಲ. ರೋಡ್‌ಮಾಸ್ಟರ್‌ಗೆ ಇದೆ.

ಎಂಟು ಸೂಟ್‌ಕೇಸ್ (ಕೊಲಂಬಸ್, ಒಹಾಯೊ)

ಟೊಲೀಡೊಗೆ ಹೋಗಿ ಬಂದೆ. ಚಾಪೆ, ಸುತ್ತಿಗೆ, ಅಯಸ್ಕಾಂತ ಮೂರೂ ತೆಗೆದುಕೊಂಡು ಹೋಗಿದ್ದೆ.

ಗಾಡಿ ನಿಂತಿದ್ದನ್ನು ನೋಡಿದರೆ ಮನಸ್ಸು ಸೋತುಹೋಯಿತು. ತೊಳೆದು ಮಿಂಚಿಸಿದ್ದರು. ಎಂಜಿನ್ ನಿಜಕ್ಕೂ ಚೆನ್ನಾಗಿತ್ತು. ಹಿಂದೆ ಹೋಗಿ ಮಲಗಿದೆ. ಎಡಗಡೆ ಚಕ್ರದ ಸುತ್ತ ಅಯಸ್ಕಾಂತ ಒಂದು ಗೇಣು ಜಾಗದಲ್ಲಿ ನಿಲ್ಲಲೇ ಇಲ್ಲ. ಚಾಸಿಯ ಕಮಾನಿನಲ್ಲಿ ಸುತ್ತಿಗೆ ತಟ್ಟಿದೆ, ಪದರ ಪದರವಾಗಿ ಉದುರಿತು. ನನ್ನ ಬೆರಳು ಒಳಗೆ ಹೋಯಿತು. ಮಾಲೀಕರಿಗೆ ತೋರಿಸಿದೆ. ಅವರಿಗೂ ಗೊತ್ತಿರಲಿಲ್ಲ ಅನಿಸುತ್ತೆ, ಪಾಪ, ಮುಖ ಸಣ್ಣಗಾಯಿತು. ಬಿಟ್ಟು ಬಂದೆ. ದಾರಿಯುದ್ದಕ್ಕೂ ಬೇಜಾರಿತ್ತು.

ಉಪ್ಪಿನ ರಸ್ತೆ (ಡೆಟ್ರಾಯಿಟ್ ಹತ್ತಿರ, ಮಿಷಿಗನ್)

ಒಳ್ಳೆಯದು ಮಾಡಿದಿರಿ. ಬೇಜಾರು ಮಾಡಿಕೊಳ್ಳಬೇಡಿ. ಚಾಸಿ ಹೋದ ಗಾಡಿಯಲ್ಲಿ ಮನೆಯವರನ್ನು ಕೂರಿಸಬಾರದು.

ಈಗ ಉಲ್ಟಾ ಹುಡುಕಿ. ದಕ್ಷಿಣದ ಕಡೆ ನೋಡಿ. ಟೆನೆಸೀ, ಜಾರ್ಜಿಯಾದಲ್ಲಿ ರಸ್ತೆಗೆ ಉಪ್ಪು ಕಡಿಮೆ. ಎಂಜಿನ್ ಸರಿ ಇಲ್ಲ, ಮಳೆ ಬಂದರೆ ಎಳೆಯುವುದಿಲ್ಲ ಅಂತ ಮಾರುವ ಗಾಡಿ ಹುಡುಕಿ. ಎಲ್‌ಟಿ1 ಎಂಜಿನ್‌ಗೆ ಒಂದು ಹಳೇ ಕಾಯಿಲೆ ಇದೆ, ಅದಕ್ಕೆ ಹೆದರಿ ಜನ ಅಗ್ಗಕ್ಕೆ ಕೊಡುತ್ತಾರೆ.

ಕಾಯಿಲೆ ಇದು. ಬೇರೆ ಎಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರ್ (ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಭಾಗ) ಹಿಂದೆಯೋ ಮೇಲೋ ಇರುತ್ತೆ. ಇದರಲ್ಲಿ ಮುಂದೆ, ವಾಟರ್ ಪಂಪಿನ ಕೆಳಗೆ ಕೂರಿಸಿದ್ದಾರೆ. ಹೆಸರು ಆಪ್ಟಿಸ್ಪಾರ್ಕ್. ಒಳಗೆ ಒಂದು ತೆಳು ತಟ್ಟೆ, ಅಂಚಿನಲ್ಲಿ 360 ಸೀಳು. ಬೆಳಕು ಆ ಸೀಳುಗಳಲ್ಲಿ ಹಾದು ಹೋಗುವುದನ್ನು ಎಣಿಸಿ, ಯಾವಾಗ ಕಿಡಿ ಕೊಡಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತೆ. ಬಹಳ ನಿಖರ. ಆದರೆ ವಾಟರ್ ಪಂಪ್ ಸೋರಿದರೆ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ನೇರ ಅದರ ಮೇಲೆ ತೊಟ್ಟಿಕ್ಕುತ್ತೆ. ಒಳಗೆ ತೇವ ಹೋದರೆ ಎಂಜಿನ್ ಮುಗ್ಗರಿಸುತ್ತೆ. ಪಂಪಿನ ಕೆಳಗೆ ಟಾರ್ಚ್ ಬಿಟ್ಟು ಒಣಗಿದ ಕೂಲಂಟ್ ಕಲೆ ಇದೆಯಾ ನೋಡಿ.

ರಿಪೇರಿ ಮಾಡುವಾಗ ಪಂಪ್, ಆಪ್ಟಿಸ್ಪಾರ್ಕ್ ಎರಡನ್ನೂ ಒಟ್ಟಿಗೆ ಬದಲಾಯಿಸಿ, ಸೀಲ್‌ಗಳನ್ನೂ ಹೊಸದು ಹಾಕಿ. ಒಂದನ್ನೇ ಹಾಕಿದರೆ ಆರು ತಿಂಗಳಿಗೆ ಮತ್ತೆ ಬಿಚ್ಚುತ್ತೀರಿ. ತೀರಾ ಅಗ್ಗದ ನಕಲಿ ಬೇಡ, ನಾನು ಹಾಕಿದ್ದು ಒಂದು ಚಳಿಗಾಲ ಬಾಳಲಿಲ್ಲ. ಕೂಲಂಟ್ ತುಂಬಿಸುವಾಗ ಗಾಳಿ ಬಿಡುವ ಸ್ಕ್ರೂ ತೆಗೆದು, ಗುಳ್ಳೆ ನಿಲ್ಲುವವರೆಗೆ ಬಿಡಿ. ಈ ಎಂಜಿನ್‌ನಲ್ಲಿ ಕೂಲಂಟ್ ಮೊದಲು ಮೇಲಿನ ಹೆಡ್‌ಗೆ ಹೋಗುತ್ತೆ, ಆಮೇಲೆ ಕೆಳಗಿನ ಬ್ಲಾಕ್‌ಗೆ. ಗಾಳಿ ಉಳಿದರೆ ಹೆಡ್ ಸುಡುತ್ತೆ.

ಬ್ರೇಕ್ ಪೈಪ್ ಯಾವ ಊರಿನ ಗಾಡಿಯಾದರೂ ಬದಲಾಯಿಸಿ. ತಾಮ್ರ-ನಿಕ್ಕಲ್ ಪೈಪ್ ಹಾಕಿದರೆ ತುಕ್ಕಿನ ಚಿಂತೆ ಇಲ್ಲ.

ಹೊಸ ಅಪ್ಪ (ಡೇಟನ್, ಒಹಾಯೊ)

ಹಿಂದಕ್ಕೆ ಮುಖ ಮಾಡಿದ ಮೂರನೇ ಸೀಟಿನಲ್ಲಿ ಮಕ್ಕಳನ್ನು ಕೂರಿಸಬಹುದಾ? ನನ್ನ ಮಗನಿಗೆ ಆರು ವರ್ಷ, ಫೋಟೋ ನೋಡಿ ಹಠ ಹಿಡಿದಿದ್ದಾನೆ.

ಮರದ ಹಾಳೆ (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ನಾನು ಕೂರಿಸುವುದಿಲ್ಲ. ಹಿಂದಿನಿಂದ ಯಾರಾದರೂ ಗುದ್ದಿದರೆ ಮೊದಲು ಸಿಗುವುದು ಮಕ್ಕಳೇ. ಗಾಡಿ ನಿಂತಾಗ ಹತ್ತಿ ಆಡಲಿ, ತಿಂಡಿ ತಿನ್ನಲಿ. ಓಡುವಾಗ ಎರಡನೇ ಸಾಲು, ಬೂಸ್ಟರ್ ಸೀಟು, ಬೆಲ್ಟ್. ಚಾವಣಿಯ ಗಾಜು ಇರುವುದೂ ಅಲ್ಲೇ ಅಂತ ಹೇಳಿ, ಒಪ್ಪುತ್ತಾನೆ.

ಎಂಟು ಸೂಟ್‌ಕೇಸ್ (ಕೊಲಂಬಸ್, ಒಹಾಯೊ)

ಸಿಕ್ಕಿತು!

ಟೆನೆಸೀಯ ನಾಕ್ಸ್‌ವಿಲ್ ಹತ್ತಿರ, 1994ರದ್ದೇ. 3,900 ಡಾಲರ್. ಜಾಹೀರಾತಿನಲ್ಲಿ "ಮಳೆ ದಿನ ಓಡುವುದಿಲ್ಲ" ಅಂತಲೇ ಇತ್ತು. ಮೊದಲು ಹಿಂದೆ ಹೋಗಿ ಮಲಗಿದೆ. ಸುತ್ತಿಗೆ ಪ್ರತಿ ಸಲ ಟಣ್ ಅಂತು. ಅಯಸ್ಕಾಂತ ಎಲ್ಲ ಕಡೆ ಹಿಡಿಯಿತು. ಬಾಗಿಲು ಎರಡೂ ಥರ ತೆರೆಯುತ್ತೆ. ಪಂಪಿನ ಕೆಳಗೆ ನೀವು ಹೇಳಿದ ಕಲೆ ಹಾಗೇ ಇತ್ತು ಉಪ್ಪಿನ ರಸ್ತೆ ಸರ್. ಟ್ರೇಲರ್ ಮೇಲೆ ಮನೆಗೆ ತಂದೆ. ಪಂಪ್, ಆಪ್ಟಿಸ್ಪಾರ್ಕ್, ಸೀಲ್ ಎಲ್ಲ ಸೇರಿ ಎರಡು ವಾರಾಂತ್ಯದ ಕೆಲಸ. ನಿನ್ನೆ ಜೋರು ಮಳೆ. ಬೇಕಂತಲೇ ಹೊರಗೆ ತೆಗೆದೆ. ಒಂದು ಸಲವೂ ಮುಗ್ಗರಿಸಲಿಲ್ಲ.

ಈಗ ಉಳಿದಿರುವುದು ಒಳಗಿನ ಚಾವಣಿ ಬಟ್ಟೆ. ಪೂರ್ತಿ ಜೋತುಬಿದ್ದು ತಲೆಗೆ ತಾಗುತ್ತಿದೆ.

ಉಪ್ಪಿನ ರಸ್ತೆ (ಡೆಟ್ರಾಯಿಟ್ ಹತ್ತಿರ, ಮಿಷಿಗನ್)

ಅಭಿನಂದನೆ! ಬಟ್ಟೆಯ ಹಿಂದಿನ ಸ್ಪಂಜು ಪುಡಿಯಾಗಿದೆ, ಅಷ್ಟೇ. ಜಿಎಂ ಗಾಡಿಗಳಲ್ಲಿ ಇದು ಮಾಮೂಲು. ಗುಂಡುಪಿನ್ ಚುಚ್ಚಿ ನಿಲ್ಲಿಸಬೇಡಿ. ಬೋರ್ಡನ್ನೇ ಇಳಿಸಿ. ಸೆಡಾನ್‌ನವರು ಅದನ್ನು ಹೊರತೆಗೆಯಲು ಒದ್ದಾಡುತ್ತಾರೆ, ನಮಗೆ ಹಿಂದಿನ ಬಾಗಿಲಿನಿಂದ ಸಲೀಸು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಳೇ ಸ್ಪಂಜನ್ನು ಬ್ರಷ್‌ನಿಂದ ಪೂರ್ತಿ ಉಜ್ಜಿ ತೆಗೆಯಿರಿ. ಪುಡಿ ಉಳಿದರೆ ಹೊಸ ಅಂಟು ಹಿಡಿಯಲ್ಲ. ಶಾಖ ತಡೆಯುವ ಅಂಟನ್ನು ಎರಡೂ ಕಡೆ ಸಿಂಪಡಿಸಿ, ಸ್ವಲ್ಪ ಒಣಗಲು ಬಿಟ್ಟು, ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಸವರುತ್ತಾ ಹೋಗಿ. ಇದಕ್ಕೆ ಇಬ್ಬರು ಬೇಕೇ ಬೇಕು.

ಮುಂದಿನ ಶನಿವಾರ ನಾನು ಖಾಲಿ ಇದ್ದೇನೆ. ಬೆಳಗ್ಗೆ ಆರಕ್ಕೆ ಹೊರಟರೆ ಹತ್ತರೊಳಗೆ ಕೊಲಂಬಸ್ ಸೇರುತ್ತೇನೆ. ಅಂಟು, ಬ್ರಷ್ ನಾನೇ ತರುತ್ತೇನೆ. ನೀವು ಬಟ್ಟೆ ಮಾತ್ರ ಎರಡು ಗಜ ಜಾಸ್ತಿ ತಂದಿಡಿ.

ಎಂಟು ಸೂಟ್‌ಕೇಸ್ (ಕೊಲಂಬಸ್, ಒಹಾಯೊ)

ಬನ್ನಿ ಸರ್, ಖಂಡಿತ ಬನ್ನಿ. ತಿಂಡಿ ನಮ್ಮ ಮನೆಯಲ್ಲೇ. ಬಟ್ಟೆ ಇವತ್ತೇ ಆರ್ಡರ್ ಮಾಡಿದೆ, ತಿಳಿ ಬೂದು ಬಣ್ಣ. ಚಾವಣಿಯ ಗಾಜಿನ ಸುತ್ತ ಬಟ್ಟೆ ಹೇಗೆ ಕತ್ತರಿಸಬೇಕು ಅನ್ನುವುದು ಮಾತ್ರ ನನಗೆ ಹೊಳೆಯುತ್ತಿಲ್ಲ. ನೀವು ಬರುವವರೆಗೆ ಕತ್ತರಿ ಹಾಕುವುದಿಲ್ಲ.